ಸ್ಟೇನ್‌ಲೆಸ್ ನಟ್ಟು ಕಚ್ಚುವ ಮುನ್ನ

ಹಾಲಿನ ಡೇರಿ, ಔಷಧ ಕಾರ್ಖಾನೆ, ಕರಾವಳಿಯ ಮೀನು ಸಂಸ್ಕರಣಾ ಘಟಕ, ಹೀಗೆ ತುಕ್ಕು ಸುಳಿಯಬಾರದ ಜಾಗಗಳಲ್ಲೆಲ್ಲ ಈಗ ಸ್ಟೇನ್‌ಲೆಸ್ ಬೋಲ್ಟುಗಳೇ. ಮನೆಯ ಮೇಲಿನ ಸೋಲಾರ್ ಚೌಕಟ್ಟಿಗೂ, ಬಾಲ್ಕನಿಯ ಗಾಜಿನ ಕಟಕಟೆಗೂ ಅವೇ ಬಂದಿವೆ. ಇಂಥ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಮೆಂಟೆನೆನ್ಸ್ ಕೆಲಸದಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿದ ದೂರು ಒಂದೇ: "ಸಾರ್, ಹೊಸಾ ಬೋಲ್ಟು, ಜಾಮ್ ಆಗ್ಬಿಡ್ತು."

ನಟ್ಟು ನಾಲ್ಕಾರು ಸುತ್ತು ನುಣ್ಣಗೆ ಹೋಗುತ್ತದೆ. ಆಮೇಲೆ ಸ್ವಲ್ಪ ಬಿಗಿ. ಫಿಟ್ಟರ್ ಸ್ಪ್ಯಾನರಿಗೆ ಇನ್ನಷ್ಟು ಬಲ ಹಾಕುತ್ತಾನೆ. ಕಿರ್ರೆಂಬ ಸದ್ದು, ಇನ್ನರ್ಧ ಸುತ್ತು, ಅಲ್ಲಿಗೆ ಮುಗಿಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇನ್ನೂ ಜೋರು ಮಾಡಿದರೆ ಬೋಲ್ಟಿನ ಕತ್ತು ತಿರುಚಿ ಮುರಿಯುತ್ತದೆ. ಇದನ್ನೇ ಗಾಲಿಂಗ್ ಎನ್ನುತ್ತಾರೆ. ನಮ್ಮ ಶಾಪ್ ಫ್ಲೋರಿನ ಮಾತಿನಲ್ಲಿ ನಟ್ಟು "ಕಚ್ಕೊಂತು". ಪೂರ್ತಿ ಕಚ್ಚಿದ ಮೇಲೆ ಇದಕ್ಕೆ ಮದ್ದಿಲ್ಲ. ತಡೆಯುವ ಕೆಲಸವೆಲ್ಲ ಸ್ಪ್ಯಾನರ್ ಹಿಡಿಯುವ ಮೊದಲೇ ಆಗಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ತುಕ್ಕಿನ ಲೆಕ್ಕ ಇಲ್ಲಿ ನಡೆಯದು

ಮೈಲ್ಡ್ ಸ್ಟೀಲ್ ನಟ್ಟು ಜಾಮ್ ಆಗುವುದು ವರ್ಷಗಟ್ಟಲೆ ಮಳೆ, ಗಾಳಿ ತಿಂದ ಮೇಲೆ. ಅಲ್ಲಿ ಥ್ರೆಡ್ಡಿನ ಸಂದಿಯಲ್ಲಿ ತುಕ್ಕು ತುಂಬಿರುತ್ತದೆ. ಎಣ್ಣೆ ಬಿಟ್ಟು, ತಟ್ಟಿ, ಕಾಯಿಸಿ ಬಿಡಿಸಬಹುದು. ಸ್ಟೇನ್‌ಲೆಸ್ ನಟ್ಟು ಕಚ್ಚುವುದು ಡಬ್ಬದಿಂದ ತೆಗೆದ ಒಂದೆರಡು ನಿಮಿಷದಲ್ಲಿ, ಥಳಥಳ ಹೊಳೆಯುತ್ತಿರುವಾಗಲೇ.

ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆಯಿಂದ. ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆ ಅದು. ಗೀರಿದರೆ ಗಾಳಿಯ ಆಮ್ಲಜನಕ ಹೀರಿ ತಕ್ಷಣ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ನಟ್ಟಿನ ಥ್ರೆಡ್ಡೂ ಬೋಲ್ಟಿನ ಥ್ರೆಡ್ಡೂ ಒಂದನ್ನೊಂದು ಒತ್ತಿ ಜಾರುತ್ತಿರುವಾಗ ಆ ಸಂದಿಯೊಳಗೆ ಗಾಳಿಗೆ ದಾರಿಯಿಲ್ಲ. ಎರಡೂ ಮೈಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಉಬ್ಬುಗಳಿರುತ್ತವೆ. ಒತ್ತಡವೆಲ್ಲ ಆ ಉಬ್ಬುಗಳ ತುದಿಯ ಮೇಲೇ ಬೀಳುತ್ತದೆ. ಪೊರೆ ಅಲ್ಲೇ ಒಡೆದು, ಬರಿಯ ಲೋಹಕ್ಕೆ ಬರಿಯ ಲೋಹ ತಾಗಿ, ವೆಲ್ಡಿಂಗ್ ರಾಡಿನ ಹಂಗಿಲ್ಲದೆ ಎರಡೂ ಬೆಸೆದುಕೊಳ್ಳುತ್ತವೆ.

ನಟ್ಟು ಇನ್ನೂ ತಿರುಗುತ್ತಿರುವುದರಿಂದ ಆ ಬೆಸುಗೆ ಕಿತ್ತು ಬರುತ್ತದೆ. ಬರುವಾಗ ಒಂದು ಕಡೆಯ ಲೋಹದ ಚೂರನ್ನು ಇನ್ನೊಂದು ಕಡೆಗೆ ಅಂಟಿಸಿಕೊಂಡೇ ಬರುತ್ತದೆ. 304, 316ರಂಥ ಆಸ್ಟೆನಿಟಿಕ್ ಸ್ಟೇನ್‌ಲೆಸ್‌ಗೆ ಇನ್ನೊಂದು ಗುಣವಿದೆ: ನಲುಗಿದಷ್ಟೂ ಗಟ್ಟಿಯಾಗುತ್ತದೆ. ಹಾಗಾಗಿ ಅಂಟಿಕೊಂಡ ಚೂರು ಮೂಲ ಲೋಹಕ್ಕಿಂತ ಗಡುಸಾಗಿ ಎದುರಿನ ಥ್ರೆಡ್ಡನ್ನು ನೇಗಿಲಿನಂತೆ ಉಳುತ್ತ ಹೋಗುತ್ತದೆ. ಉತ್ತಷ್ಟೂ ಹೊಸ ಚೂರು, ಹೊಸ ಬೆಸುಗೆ. ಶಾಖವೂ ಜೊತೆಗೂಡುತ್ತದೆ. 304ರ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 16 ವ್ಯಾಟ್. ಸಾದಾ ಕಾರ್ಬನ್ ಸ್ಟೀಲಿನದು ಸುಮಾರು 50. ಥ್ರೆಡ್ಡಿನಲ್ಲಿ ಹುಟ್ಟಿದ ಬಿಸಿ ಹರಿದುಹೋಗದೆ ಅಲ್ಲೇ ಕೂರುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪಾಠಗಳೆಲ್ಲ ತಾವಾಗಿ ಅರ್ಥವಾಗುತ್ತವೆ: ಒತ್ತಡ, ಜಾರುವಿಕೆ, ಬಿಸಿ, ಮೈಯ ಒರಟು, ಈ ನಾಲ್ಕರಲ್ಲಿ ಯಾವುದನ್ನು ಕಡಿಮೆ ಮಾಡಿದರೂ ನಮಗೆ ಲಾಭ.

2. ಕೈಗೆ ಭಾರ ತಿಳಿದ ಕ್ಷಣ ನಿಲ್ಲಿಸಿ

ನಟ್ಟು ಮೇಲ್ಮೈಗೆ ಕೂರುವ ಮೊದಲು ಬೆರಳಲ್ಲೇ ಹೋಗಬೇಕು. ಇನ್ನೂ ಕೂತಿಲ್ಲ, ಆದರೂ ಸ್ಪ್ಯಾನರ್ ಬೇಕಾಯಿತೆಂದರೆ ಏನೋ ಕೆಟ್ಟಿದೆ. ಅಲ್ಲೇ ಕೈ ಬಿಡಿ. "ಇನ್ನೊಂದ್ ಸ್ವಲ್ಪ, ಹೋಗ್ಬಿಡುತ್ತೆ" ಎಂಬ ಮಾತೇ ಬೋಲ್ಟನ್ನು ಕೊಲ್ಲುವುದು. ಮೈಲ್ಡ್ ಸ್ಟೀಲಿನಲ್ಲಿ ಆ ಹಟ ಎಷ್ಟೋ ಸಲ ಗೆಲ್ಲುತ್ತದೆ. ಅಲ್ಲಿ ಕಲಿತ ಕೈ ಇಲ್ಲಿಯೂ ಹಾಗೇ ಎಳೆಯುತ್ತದೆ.

ನಿಲ್ಲಿಸಿದ ಮೇಲೆ ತಣಿಯಲು ಬಿಡಿ. ನಟ್ಟಿನ ಎರಡೂ ಕಡೆ ಪೆನಿಟ್ರೇಟಿಂಗ್ ಎಣ್ಣೆ ಹಾಕಿ, ಒಳಗಿಳಿಯಲು ಹೊತ್ತು ಕೊಡಿ. ಆಮೇಲೆ ಕೈ ಸ್ಪ್ಯಾನರಿನಲ್ಲಿ, ಬಿಚ್ಚುವ ದಿಕ್ಕಿಗೆ ಮಾತ್ರ, ನಿಧಾನವಾಗಿ ಪ್ರಯತ್ನಿಸಿ. ಕೂದಲೆಳೆಯಷ್ಟು ತಿರುಗಿತೇ? ಮತ್ತೆ ಎಣ್ಣೆ, ಮತ್ತೆ ವಿರಾಮ. ಕಚ್ಚುವಿಕೆ ಆರಂಭದಲ್ಲೇ ಸಿಕ್ಕಿದ್ದರೆ ಹೀಗೆ ಹೊರಬರುವುದುಂಟು. ಹೊರಬಂದ ನಟ್ಟು-ಬೋಲ್ಟುಗಳನ್ನು ಎರಡನ್ನೂ ಗುಜರಿಗೆ ಹಾಕಿ. ಡೈ ಓಡಿಸಿ "ಸರಿಮಾಡಿ" ಮತ್ತೆ ಬಳಸುವುದು ಬೇಡ. ಗಡುಸಾದ ಚೂರಿನ ಬೇರು ಅಲ್ಲೇ ಉಳಿದಿರುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರುವಾಗುತ್ತದೆ.

ಗ್ಯಾಸ್ ಟಾರ್ಚಿನಿಂದ ಕಾಯಿಸುವ ಆಸೆಯನ್ನೂ ಬಿಡಿ. ತುಕ್ಕಿನ ನಟ್ಟು ಹಿಗ್ಗಿ ಸಡಿಲವಾಗುತ್ತದೆ, ನಿಜ. ಇಲ್ಲಿ ಲೋಹವೇ ಲೋಹಕ್ಕೆ ಬೆಸೆದಿದೆ. ಹಿಗ್ಗಿದರೂ ಬೆಸುಗೆ ಬಿಡುವುದಿಲ್ಲ. ಜೊತೆಗೆ 304ನ್ನು ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲ ಹೊತ್ತು ಇರಿಸಿದರೆ ಕಣಗಳ ಅಂಚಿನಲ್ಲಿ ಕ್ರೋಮಿಯಂ ಕಾರ್ಬೈಡ್ ಕಟ್ಟಿ, ಪಕ್ಕದ ಲೋಹ ಕ್ರೋಮಿಯಂ ಇಲ್ಲದೆ ಬಡವಾಗುತ್ತದೆ. ನಟ್ಟು ಕೂತಿರುವ ಪಾತ್ರೆಯ ಗೋಡೆಗೂ ಆ ಬಿಸಿ ತಾಗಿದ್ದರೆ ಅದು ಅಲ್ಲಿ ಸದ್ದಿಲ್ಲದೆ ಸವೆಯತೊಡಗುತ್ತದೆ.

3. ಕತ್ತರಿಸಬೇಕಾದರೆ ಬೇಗ ಕತ್ತರಿಸಿ

ಬೋಲ್ಟಿನ ಬೆಲೆ ನೂರರ ಲೆಕ್ಕದ್ದು. ಅದು ಕೂತಿರುವ ವಾಲ್ವ್ ಬಾಡಿಯೋ, ಪಂಪಿನ ಕೇಸಿಂಗೋ, ಪಾತ್ರೆಗೆ ವೆಲ್ಡ್ ಮಾಡಿದ ಸ್ಟಡ್ಡೋ ಸಾವಿರ, ಲಕ್ಷದ ಲೆಕ್ಕದ್ದು. ಕಚ್ಚಿದ ನಟ್ಟಿನೊಂದಿಗೆ ಅರ್ಧ ಶಿಫ್ಟ್ ಗುದ್ದಾಡಿ ಕೊನೆಗೆ ಸ್ಟಡ್ಡಿನ ಬುಡವನ್ನೇ ಕಿತ್ತುಕೊಳ್ಳುವುದಕ್ಕಿಂತ ನಟ್ಟನ್ನು ಸೀಳಿ ತೆಗೆಯುವುದು ಮೇಲು. ನಟ್ ಸ್ಪ್ಲಿಟರ್ ಇದ್ದರೆ ಅದೇ ಒಳ್ಳೆಯದು, ಕಿಡಿ ಹಾರುವುದಿಲ್ಲ. ದ್ರಾವಕ ಬಳಸುವ ಔಷಧ ಕಾರ್ಖಾನೆಗಳಲ್ಲಿ ಹಾಟ್ ವರ್ಕ್ ಪರ್ಮಿಟ್ ಸಿಗುವ ಹೊತ್ತಿಗೆ ಸ್ಪ್ಲಿಟರಿನ ಕೆಲಸ ಮುಗಿದಿರುತ್ತದೆ.

ಗ್ರೈಂಡರೇ ಬೇಕಾದರೆ ಕಬ್ಬಿಣದ ಅಂಶವಿಲ್ಲದ, ಸ್ಟೇನ್‌ಲೆಸ್‌ಗೆಂದೇ ಮಾಡಿದ ಡಿಸ್ಕ್ ಹಾಕಿ. ನಿನ್ನೆ ಮೈಲ್ಡ್ ಸ್ಟೀಲ್ ಆಂಗಲ್ ಕೊಯ್ದ ಡಿಸ್ಕಿನಿಂದ ಇಂದು ಸ್ಟೇನ್‌ಲೆಸ್ ಕೊಯ್ದರೆ ಕಬ್ಬಿಣದ ಪುಡಿ ಮೈಗೆ ಕೂತು ಕಂದು ಕಲೆ ಏಳುತ್ತದೆ. ಸುತ್ತಲಿನ ಪಾಲಿಶ್ ಮೈಗೆ ಒದ್ದೆ ಬಟ್ಟೆ ಹೊದಿಸಿ.

4. ಇಂಪ್ಯಾಕ್ಟ್ ಗನ್ನಿಗೆ ಇಲ್ಲಿ ಕೆಲಸವಿಲ್ಲ

ಈ ಮಾತಿಗೆ ಅತಿ ಹೆಚ್ಚು ವಿರೋಧ ಬರುತ್ತದೆ, ಏಕೆಂದರೆ ಕಂಟ್ರಾಕ್ಟರಿಗೆ ದಿನಕ್ಕೆ ಇಷ್ಟು ಬೋಲ್ಟು ಎಂಬ ಲೆಕ್ಕವಿದೆ. ಆದರೂ ಹೇಳಲೇಬೇಕು. ಗನ್ನು ನಟ್ಟನ್ನು ಓಡಿಸುವ ವೇಗದಲ್ಲಿ ಹುಟ್ಟುವ ಬಿಸಿ ಹೊರಹೋಗಲು ಸಮಯವೇ ಇಲ್ಲ. ಮೇಲಾಗಿ ಕೈಗೆ ಭಾರ ತಿಳಿಯುವ ಅವಕಾಶವನ್ನೇ ಅದು ಕಿತ್ತುಕೊಳ್ಳುತ್ತದೆ. ಎರಡನೇ ಪಾಠದಲ್ಲಿ ಹೇಳಿದ ಎಚ್ಚರಿಕೆಯ ಕ್ಷಣ ಗನ್ನಿನ ಗಡಗಡದಲ್ಲಿ ಕಳೆದುಹೋಗುತ್ತದೆ.

ನೈಲಾನ್ ಉಂಗುರದ ಲಾಕ್ ನಟ್ಟು, ಅಂದರೆ ನಾವು ನೈಲಾಕ್ ಎನ್ನುವುದು, ಸ್ಟೇನ್‌ಲೆಸ್‌ನಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು. ಸಾದಾ ನಟ್ಟು ಕೂರುವ ತನಕ ಹಗುರವಾಗಿರುತ್ತದೆ. ನೈಲಾಕ್ ಮೊದಲ ಹಿಡಿತದಿಂದಲೇ ಬಿಗಿ. ಅಷ್ಟೂ ಸುತ್ತು ಉಜ್ಜಾಟ, ಅಷ್ಟೂ ಸುತ್ತು ಬಿಸಿ. ಕಚ್ಚುತ್ತಿದೆಯೋ ನೈಲಾನ್ ಹಿಡಿಯುತ್ತಿದೆಯೋ ಎಂಬ ಭೇದ ಕೈಗೂ ತಿಳಿಯದು. ಸೋಲಾರ್ ಚೌಕಟ್ಟುಗಳಲ್ಲಿ 304 ಬೋಲ್ಟಿಗೆ 304 ನೈಲಾಕ್ ಹಾಕಿ, ಬಿಸಿಲಲ್ಲಿ ಕಾದ ಮಾಳಿಗೆಯ ಮೇಲೆ ಬ್ಯಾಟರಿ ಗನ್ನಿನಿಂದ ಬಿಗಿಯುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಟ್ಟ ಪ್ಯಾನೆಲ್ ಒಂದನ್ನು ಬದಲಿಸಲು ಹೋದ ದಿನ ಆ ಚೌಕಟ್ಟಿನ ಮೇಲೆ ಗ್ರೈಂಡರ್ ಹಿಡಿದು ಕೂರಬೇಕಾಗುತ್ತದೆ. ನೈಲಾಕ್ ಬೇಕೇಬೇಕು ಎಂದಾದರೆ ಮೇಣ ಹಚ್ಚಿದ ನಟ್ಟು ತರಿಸಿ, ಕೈಯಲ್ಲಿ ನಿಧಾನ ಬಿಗಿಯಿರಿ.

ಉದ್ದದ ಸ್ಟಡ್ಡೂ ಇದೇ ಜಾತಿಯ ತೊಂದರೆ. ನಟ್ಟು ಕೂರುವ ಮುನ್ನ ಒಂದು ಗೇಣು ಥ್ರೆಡ್ ಸುತ್ತಿ ಬರಬೇಕೆಂದರೆ ಗೇಣುದ್ದವೂ ಅಪಾಯವೇ. ನಟ್ಟು ಕೂತ ಮೇಲೆ ಎರಡು ಮೂರು ಥ್ರೆಡ್ ಹೊರಗೆ ಕಂಡರೆ ಸಾಕು. ಅಷ್ಟಕ್ಕೆ ಸರಿಯಾದ ಉದ್ದದ ಬೋಲ್ಟನ್ನೇ ತರಿಸಿ.

5. ಥ್ರೆಡ್ಡಿನ ಮೈ ನೋಡದೆ ಹಾಕಬೇಡಿ

ಗೋಣಿಚೀಲದಲ್ಲಿ ಸುರಿದು ತಂದ ಬೋಲ್ಟುಗಳು ಒಂದಕ್ಕೊಂದು ಬಡಿದು ಥ್ರೆಡ್ಡಿನ ತುದಿಯಲ್ಲಿ ಸಣ್ಣ ಗಾಯ ಮಾಡಿಕೊಂಡಿರುತ್ತವೆ. ಮೈಲ್ಡ್ ಸ್ಟೀಲಿನಲ್ಲಿ ಅಂಥ ಗಾಯ ನಟ್ಟಿನ ಕೆಳಗೆ ಚಪ್ಪಟೆಯಾಗಿ ಸುಮ್ಮನಾಗುತ್ತದೆ. ಸ್ಟೇನ್‌ಲೆಸ್‌ನಲ್ಲಿ ಅದೇ ಕಚ್ಚುವಿಕೆಯ ಮೊದಲ ಹಲ್ಲು. ಉಗುರನ್ನು ಥ್ರೆಡ್ಡಿನ ಗುಂಟ ಓಡಿಸಿ ನೋಡಿ, ಸಿಕ್ಕಿಹಾಕಿಕೊಂಡರೆ ಪಕ್ಕಕ್ಕಿಡಿ. ಮರಳಿನ ಕಣ, ವೆಲ್ಡಿಂಗ್ ಸಿಡಿ, ಗ್ರೈಂಡಿಂಗ್ ಪುಡಿ ಇವೆಲ್ಲ ಅದೇ ಕೆಲಸ ಮಾಡುತ್ತವೆ. ನೈಲಾನ್ ಅಥವಾ ಸ್ಟೇನ್‌ಲೆಸ್ ತಂತಿಯ ಬ್ರಶ್ಶಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಹೊಸದು, ಪ್ಯಾಕೆಟ್ಟಿನಿಂದ ಈಗ ತಾನೇ ತೆಗೆದದ್ದು ಎಂಬ ವಿನಾಯಿತಿ ಬೇಡ.

ಥ್ರೆಡೆಡ್ ರಾಡನ್ನು ಕೊಯ್ಯುವಾಗ ಮೊದಲೇ ಒಂದು ನಟ್ಟು ಹಾಕಿಟ್ಟು, ಕೊಯ್ದ ತುದಿಯನ್ನು ಅರದಿಂದ ಓರೆ ಮಾಡಿ, ಆಮೇಲೆ ಆ ನಟ್ಟನ್ನು ಹೊರತೆಗೆಯುವುದು ಹಳೆಯ ಫಿಟ್ಟರುಗಳ ಪದ್ಧತಿ. ಸ್ಟೇನ್‌ಲೆಸ್‌ನಲ್ಲಿ ಮಾತ್ರ ಅರ ಚೆನ್ನಾಗಿ ಆಡಿಸಿ, ಬರ್ ಪೂರ್ತಿ ಹೋಯಿತೆಂದು ಕಂಡ ಮೇಲೆಯೇ ನಟ್ಟು ತಿರುಗಿಸಬೇಕು. ಇಲ್ಲದಿದ್ದರೆ ರಾಡಿನ ತುದಿಯಲ್ಲೇ ಕಚ್ಚಿಕೊಳ್ಳುತ್ತದೆ.

ಖರೀದಿ ಮಾಡುವವರಿಗೆ ಎರಡು ಮಾತು. ಲೇತಿನಲ್ಲಿ ಕಡಿದ ಥ್ರೆಡ್ಡಿಗಿಂತ ರೋಲ್ ಮಾಡಿದ ಥ್ರೆಡ್ಡಿನ ಮೈ ನುಣುಪು, ಅದನ್ನೇ ಕೇಳಿ. ಫೈನ್ ಥ್ರೆಡ್ಡಿಗಿಂತ ಕೋರ್ಸ್ ಥ್ರೆಡ್ ಒಳ್ಳೆಯದು: ಎಂ12 ಬೋಲ್ಟೆಂದರೆ 1.75 ಮಿಲಿಮೀಟರ್ ಪಿಚ್ಚಿನದು. ಸುತ್ತು ಕಡಿಮೆ, ಸಣ್ಣ ಗಾಯವನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚು. ಬಿಗಿ ಫಿಟ್ ನಿಖರತೆಯ ಲಕ್ಷಣ ಎಂದುಕೊಂಡು ನಟ್ಟು ಆಡದಂತೆ ಥ್ರೆಡ್ ಮಾಡಿಸುವವರಿದ್ದಾರೆ. ಬೇಡ. ಬೋಲ್ಟಿಗೆ 6ಜಿ, ನಟ್ಟಿಗೆ 6ಎಚ್ ಎಂಬ ಸಾಮಾನ್ಯ ಟಾಲರೆನ್ಸಿನಲ್ಲಿ ಸಿಗುವ ಸಣ್ಣ ಸಡಿಲವೇ ಎಣ್ಣೆಗೆ ಕೂರಲು ಜಾಗ.

6. ಪೇಸ್ಟ್ ಹಚ್ಚುವುದು ಕೆಲಸದ ಭಾಗ, ಉಪಚಾರವಲ್ಲ

ಒಂದೇ ಒಂದು ಪಾಠ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳುತ್ತೇನೆ. ಒಣ ಸ್ಟೇನ್‌ಲೆಸ್ ಥ್ರೆಡ್ಡಿಗೆ ಒಣ ಸ್ಟೇನ್‌ಲೆಸ್ ನಟ್ಟು ಹಾಕಬಾರದು.

ಸಾದಾ ಗ್ರೀಸು ಏನೂ ಇಲ್ಲದ್ದಕ್ಕಿಂತ ಮೇಲು. ಇಂಜಿನ್ ಆಯಿಲ್ಲೂ ಅಷ್ಟೇ. ಆದರೆ ಒತ್ತಡ ಏರಿದಾಗ ಎಣ್ಣೆ ಸಂದಿಯಿಂದ ಹಿಂಡಿ ಹೊರಬರುತ್ತದೆ. ಆಂಟಿ-ಸೀಜ್ ಪೇಸ್ಟಿನಲ್ಲಿ ಗ್ರೀಸಿನ ಜೊತೆ ಘನ ಕಣಗಳೂ ಇರುತ್ತವೆ: ನಿಕ್ಕಲ್, ತಾಮ್ರ, ಮಾಲಿಬ್ಡಿನಮ್ ಡೈಸಲ್ಫೈಡ್, ಗ್ರಾಫೈಟ್. ಗ್ರೀಸು ಹೋದರೂ ಆ ಕಣಗಳು ನಡುವೆ ಉಳಿದು ಲೋಹ ಲೋಹವನ್ನು ಮುಟ್ಟದಂತೆ ತಡೆಯುತ್ತವೆ.

ಯಾವ ಪೇಸ್ಟು ಎಂಬುದು ಜಾಗದ ಮೇಲೆ ಹೋಗುತ್ತದೆ. ಆಹಾರ, ಹಾಲು, ಔಷಧದ ಯಂತ್ರಗಳಲ್ಲಿ ಎಚ್1 ದರ್ಜೆಯ, ಅಂದರೆ ಅಕಸ್ಮಾತ್ ಆಹಾರಕ್ಕೆ ತಾಗಿದರೂ ನಡೆಯುವ, ಬಿಳಿ ಪೇಸ್ಟೇ ಆಗಬೇಕು. ಅಲ್ಲಿ ಕರಿ ಮಾಲಿಬ್ಡಿನಮ್ ಪೇಸ್ಟಿನ ಡಬ್ಬ ಕಾಲಿಡಕೂಡದು. ಬಿಸಿ ಲೈನುಗಳಲ್ಲಿ ಸ್ಟೇನ್‌ಲೆಸ್‌ಗೆ ನಿಕ್ಕಲ್ ಪೇಸ್ಟನ್ನು ನಾನು ಆರಿಸುತ್ತೇನೆ. ಸತು ಇರುವುದನ್ನು, ಪೇಸ್ಟಾಗಲಿ, ಸತುವಿನ ಪೇಂಟಾಗಲಿ, ಬಿಸಿಯಾಗುವ ಸ್ಟೇನ್‌ಲೆಸ್ ಹತ್ತಿರ ತರಬೇಡಿ. ಸತು ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ. ಕರಗಿದ ಸತು ಆಸ್ಟೆನಿಟಿಕ್ ಸ್ಟೇನ್‌ಲೆಸ್‌ನ ಕಣಗಳ ನಡುವೆ ನುಗ್ಗಿ ಅದನ್ನು ಬಿರುಕು ಬಿಡಿಸುತ್ತದೆ. ಬೆಂಕಿ ಅನಾಹುತದಲ್ಲೋ ಪಕ್ಕದ ವೆಲ್ಡಿಂಗಿನಲ್ಲೋ ಆ ಬಿಸಿ ಬರಲು ಹೆಚ್ಚು ಹೊತ್ತು ಬೇಡ.

ಆಮ್ಲಜನಕದ ಲೈನಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ. ಅಲ್ಲಿ ಸಾದಾ ಎಣ್ಣೆ, ಗ್ರೀಸು ಹತ್ತಿ ಉರಿಯುತ್ತವೆ. ಆಸ್ಪತ್ರೆಯ ಆಮ್ಲಜನಕ ಸ್ಥಾವರದ ಕೆಲಸ ಸಿಕ್ಕರೆ ಆಮ್ಲಜನಕಕ್ಕೆಂದೇ ಒಪ್ಪಿಗೆ ಪಡೆದ ಫ್ಲೋರಿನ್ ಆಧಾರಿತ ಗ್ರೀಸು ಯಾವುದೆಂದು ಆ ಯಂತ್ರದ ಕೈಪಿಡಿಯಲ್ಲೇ ನೋಡಿ.

ಹಚ್ಚುವ ರೀತಿಗೂ ಒಂದು ಕ್ರಮವಿದೆ. ಡಬ್ಬದ ತಳದಲ್ಲಿ ಕಣಗಳು ಕೂತು ಮೇಲೆ ಎಣ್ಣೆ ತೇಲುತ್ತಿರುತ್ತದೆ, ಮೊದಲು ಕಲಕಿ. ಬ್ರಶ್ಶಿನಿಂದ ಥ್ರೆಡ್ಡಿನ ಸುತ್ತಲೂ, ನಟ್ಟು ಕೊನೆಗೆ ಕೂರುವ ಜಾಗದವರೆಗೂ, ತೆಳ್ಳಗೆ ಹಚ್ಚಿ. ತುದಿಗೆ ಒಂದು ಬೊಟ್ಟು ಇಟ್ಟು "ನಟ್ಟು ತಾನೇ ಎಳ್ಕೊಂಡ್ ಹೋಗುತ್ತೆ" ಎಂದರೆ ಆಗದು. ನಟ್ಟಿನ ಕೆಳಮೈಗೂ, ಅಂದರೆ ವಾಷರಿಗೆ ತಾಗುವ ಮುಖಕ್ಕೂ, ಹಚ್ಚಿ. ಅಲ್ಲೂ ಕಚ್ಚುತ್ತದೆ, ಬಹಳ ಜನಕ್ಕೆ ಅದು ತಿಳಿದಿರುವುದಿಲ್ಲ. ಮುಚ್ಚಳ ಹಾಕದ ಪೇಸ್ಟ್ ಡಬ್ಬ ಸಂಜೆಯೊಳಗೆ ಮರಳಿನ ಡಬ್ಬವಾಗುತ್ತದೆ.

ಪೈಪಿನ ಟೇಪರ್ ಥ್ರೆಡ್ಡಿಗೂ ಇದೇ ನಿಯಮ. ಎನ್‌ಪಿಟಿ ಆಗಲಿ ಬಿಎಸ್‌ಪಿ ಟೇಪರ್ ಆಗಲಿ, 16ಕ್ಕೆ 1ರ ಇಳಿಜಾರಿನಲ್ಲಿ ಬೆಣೆಯಂತೆ ಕೂರುವ ಥ್ರೆಡ್ ಅದು. ಬಿಗಿಯುತ್ತ ಹೋದಷ್ಟೂ ಮೈಗೆ ಮೈ ಒತ್ತಿಕೊಳ್ಳುತ್ತದೆ. ಪಿಟಿಎಫ್‌ಇ ಟೇಪು ಸೋರಿಕೆ ತಡೆಯುವುದಕ್ಕಷ್ಟೇ ಎಂದುಕೊಂಡವರು ಅದರ ಅರ್ಧ ಉಪಯೋಗವನ್ನು ಮರೆತಿದ್ದಾರೆ. ಸ್ಟೇನ್‌ಲೆಸ್ ಫಿಟ್ಟಿಂಗನ್ನು ಕಚ್ಚದಂತೆ ಕಾಯುವುದೂ ಅದೇ.

7. ಪೇಸ್ಟ್ ಹಚ್ಚಿದರೆ ಟಾರ್ಕ್ ಬದಲಿಸಿ

ಪೇಸ್ಟಿನ ಪಾಠವನ್ನು ಅರ್ಧ ಕಲಿತವರು ಇಲ್ಲಿ ಎಡವುತ್ತಾರೆ, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ.

ಟಾರ್ಕ್ ರೆಂಚು ತೋರಿಸುವುದು ನಾವು ತಿರುಗಿಸಿದ ಬಲವನ್ನು. ಜೋಡಣೆಗೆ ಬೇಕಾದದ್ದು ಬೋಲ್ಟಿನ ಎಳೆತ. ಸಾಮಾನ್ಯ ಜೋಡಣೆಯಲ್ಲಿ ತಿರುಗಿಸಿದ ಶ್ರಮದ ಸುಮಾರು ಅರ್ಧ ನಟ್ಟಿನ ಕೆಳಗಿನ ಘರ್ಷಣೆಗೆ ಹೋಗುತ್ತದೆ, ಹೆಚ್ಚುಕಡಿಮೆ 40 ಶೇಕಡ ಥ್ರೆಡ್ಡಿನ ಘರ್ಷಣೆಗೆ. ಉಳಿದ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಘರ್ಷಣೆ ಸ್ವಲ್ಪ ಬದಲಾದರೆ ಎಳೆತ ಬಹಳ ಬದಲಾಗುವುದು ಇದಕ್ಕೇ. ಶಾಪ್ ಫ್ಲೋರಿನ ಸೂತ್ರ ಸರಳ: ಟಾರ್ಕ್ ಅಂದರೆ ಕೆ ಗುಣಿಸು ಬೋಲ್ಟಿನ ವ್ಯಾಸ ಗುಣಿಸು ಎಳೆತ. ಕೆ ಎಂಬುದು ಘರ್ಷಣೆಯನ್ನು ಹೇಳುವ ಅಂಕಿ. ಒಣ ಸ್ಟೇನ್‌ಲೆಸ್‌ಗೆ ಅದನ್ನು 0.3ರ ಆಸುಪಾಸು ಹಿಡಿಯಬಹುದು, ಒಳ್ಳೆಯ ಪೇಸ್ಟಿಗೆ 0.15ರ ಆಸುಪಾಸು.

ಈಗ ಎಂ12, ಎ2-70 ಬೋಲ್ಟು ತೆಗೆದುಕೊಳ್ಳಿ. ತಲೆಯ ಮೇಲಿನ ಎ2 ಎಂದರೆ 304ರ ಬಳಗ, 70 ಎಂದರೆ ಚದರ ಮಿಲಿಮೀಟರಿಗೆ 700 ನ್ಯೂಟನ್ ತಡೆಯುವ ಕರ್ಷಣ ಶಕ್ತಿ. ಶಾಶ್ವತವಾಗಿ ಹಿಗ್ಗತೊಡಗುವುದು 450ರಲ್ಲಿ. ಥ್ರೆಡ್ಡಿನ ಒತ್ತಡ ಹೊರುವ ಅಡ್ಡಕೊಯ್ತ 84.3 ಚದರ ಮಿಲಿಮೀಟರ್. ಹಿಗ್ಗತೊಡಗುವ ಮಿತಿ ಸುಮಾರು 38 ಕಿಲೋನ್ಯೂಟನ್ ಆಯಿತು. ಅದರ 70 ಶೇಕಡ ಎಳೆತ ಬೇಕೆಂದರೆ ಸುಮಾರು 26.5. ಒಣಗಿದ್ದರೆ ಇದಕ್ಕೆ 95 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಪೇಸ್ಟ್ ಹಚ್ಚಿದರೆ 48 ಸಾಕು.

ಪೇಸ್ಟ್ ಹಚ್ಚಿಯೂ ಹಳೆಯ ಚಾರ್ಟಿನ 95ಕ್ಕೇ ಬಿಗಿದರೆ ಏನಾಗುತ್ತದೆ? ಎಳೆತ 53 ಕಿಲೋನ್ಯೂಟನ್ನಿಗೆ ಹೋಗಬೇಕು. ಅಂದರೆ ಚದರ ಮಿಲಿಮೀಟರಿಗೆ 629 ನ್ಯೂಟನ್. ಬೋಲ್ಟು ಅಷ್ಟರಲ್ಲಿ ಹಿಗ್ಗಿ ಕೆಟ್ಟಿರುತ್ತದೆ, ತಿರುಚುವ ಬಲವೂ ಸೇರಿ ಮುರಿದರೆ ಆಶ್ಚರ್ಯವಿಲ್ಲ. ಆಗ "ಪೇಸ್ಟ್ ಹಾಕಿದ್ದಕ್ಕೇ ಮುರೀತು" ಎಂಬ ಮಾತು ಹುಟ್ಟುತ್ತದೆ, ಮರುದಿನದಿಂದ ಪೇಸ್ಟ್ ನಿಲ್ಲುತ್ತದೆ. ಇದರ ತಿರುಗುಮುರುಗೂ ಅಷ್ಟೇ ಕೆಟ್ಟದ್ದು: 48ರ ಚಾರ್ಟು ಹಿಡಿದು ಒಣಗಿದ ನಟ್ಟು ಬಿಗಿದರೆ ಅರ್ಧ ಎಳೆತವೇ ಗತಿ; ಗ್ಯಾಸ್ಕೆಟ್ ಸೋರುತ್ತದೆ. ಕಚ್ಚಿದ ನಟ್ಟಿನಲ್ಲಂತೂ ರೆಂಚು ಟಕ್ ಎಂದು ಹೇಳಿದರೂ ಬೋಲ್ಟಿನಲ್ಲಿ ಎಳೆತವೇ ಇರುವುದಿಲ್ಲ. ಜೋಡಣೆ ಗಟ್ಟಿಯಾಗಿದೆಯೆಂದು ನಾವು ಸಹಿ ಹಾಕಿರುತ್ತೇವೆ.

ನಾನು ಕೊಟ್ಟ ಕೆ ಅಂಕಿಗಳು ಲೆಕ್ಕ ತಿಳಿಸಲಿಕ್ಕೆ. ನಿಮ್ಮ ಪೇಸ್ಟಿನ ತಯಾರಕರು ಡೇಟಾ ಶೀಟಿನಲ್ಲಿ ಕೊಟ್ಟ ಅಂಕಿಯಿಂದಲೇ ಚಾರ್ಟು ಮಾಡಿಸಿ. ಚಾರ್ಟಿನ ತಲೆಯ ಮೇಲೆ ಪೇಸ್ಟಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿ.

8. ಒಂದೇ ಲೋಹದ ಜೋಡಿ ಬೇಡ

304 ಬೋಲ್ಟಿಗೆ 304 ನಟ್ಟು ಅತಿ ಕೆಟ್ಟ ಜೋಡಿ, ಮಾರುಕಟ್ಟೆಯಲ್ಲಿ ಅತಿ ಸುಲಭವಾಗಿ ಸಿಗುವುದೂ ಅದೇ. 304 ಬೋಲ್ಟಿಗೆ 316 ನಟ್ಟು ಹಾಕಿದರೆ ಸಮಸ್ಯೆ ತೀರಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ವಲ್ಪ ಸಹಾಯವಾದೀತು, ಅದನ್ನು ನೆಚ್ಚಿ ಪೇಸ್ಟ್ ಬಿಡುವಷ್ಟಲ್ಲ. ಎರಡೂ ಒಂದೇ ಬಳಗದ ಮೆತ್ತನೆಯ ಆಸ್ಟೆನಿಟಿಕ್ ಲೋಹಗಳು. ನಟ್ಟು, ಬೋಲ್ಟುಗಳ ಗಡುಸುತನದ ನಡುವೆ ಬ್ರಿನೆಲ್ ಅಳತೆಯಲ್ಲಿ 50ರಷ್ಟಾದರೂ ಅಂತರವಿರಲಿ ಎಂಬುದು ಕೆಲಸಗಾರರ ಹಳೆಯ ನಿಯಮ. ಎ4-80ರಂಥ, ತಣ್ಣಗೆ ಎಳೆದು ಗಡುಸು ಮಾಡಿದ ಬೋಲ್ಟಿಗೆ ಮೆತ್ತನೆಯ ನಟ್ಟು ಕೊಟ್ಟರೆ ಆ ದಿಕ್ಕಿನಲ್ಲಿ ಒಂದು ಹೆಜ್ಜೆ.

ನಿಜವಾದ ಪರಿಹಾರ ಬೇಕಾದ ಜಾಗಗಳಲ್ಲಿ ಲೋಹವನ್ನೇ ಬದಲಿಸಬೇಕು. ನೈಟ್ರಾನಿಕ್ 60 ಎಂಬ ಸ್ಟೇನ್‌ಲೆಸ್ ಇದಕ್ಕೆಂದೇ ಪ್ರಸಿದ್ಧ. ಅದರಲ್ಲಿ ಸುಮಾರು 8 ಶೇಕಡ ಮ್ಯಾಂಗನೀಸ್, 4 ಶೇಕಡ ಸಿಲಿಕಾನ್ ಇರುತ್ತದೆ. ಒಂದು ಲೋಹದ ಗುಂಡಿಯನ್ನು ಇನ್ನೊಂದು ಲೋಹದ ದಿಮ್ಮಿಯ ಮೇಲೆ ಒತ್ತಿ ಒಂದು ಸುತ್ತು ತಿರುಗಿಸಿ, ಎಷ್ಟು ಒತ್ತಡದಲ್ಲಿ ಕಚ್ಚಿತು ಎಂದು ನೋಡುವ ಎಎಸ್‌ಟಿಎಂ ಜಿ98 ಎಂಬ ಪರೀಕ್ಷೆಯಿದೆ. ಅದರ ಪ್ರಕಟಿತ ಪಟ್ಟಿಗಳಲ್ಲಿ 304ಕ್ಕೆ 304 ಸುಮಾರು 14 ಮೆಗಾಪಾಸ್ಕಲ್‌ನಲ್ಲೇ ಕಚ್ಚುತ್ತದೆ. ನೈಟ್ರಾನಿಕ್ 60ಕ್ಕೆ ನೈಟ್ರಾನಿಕ್ 60ನ್ನೇ ಕೊಟ್ಟರೂ 340 ದಾಟಿ ಹೋಗುತ್ತದೆ. ಬೆಲೆ ಜಾಸ್ತಿ, ಕೂಡಲೇ ಸಿಗುವುದೂ ಇಲ್ಲ. ಎಲ್ಲ ಬೋಲ್ಟಿಗೂ ಅಲ್ಲ, ಪದೇ ಪದೇ ಬಿಚ್ಚಬೇಕಾದ, ಕಚ್ಚಿದರೆ ಇಡೀ ಯಂತ್ರ ನಿಲ್ಲುವ ನಾಲ್ಕು ಜಾಗಕ್ಕೆ ನಟ್ಟನ್ನಾದರೂ ಅದರಲ್ಲಿ ಮಾಡಿಸಿಡಿ ಎಂದು ನಾನು ಒತ್ತಾಯಿಸುತ್ತೇನೆ. ಹೊರೆ ಕಡಿಮೆ ಇರುವ ಕಡೆ ಸಿಲಿಕಾನ್ ಬ್ರಾಂಜ್, ಅಲ್ಯೂಮಿನಿಯಂ ಬ್ರಾಂಜ್ ನಟ್ಟುಗಳು ಅಚ್ಚುಕಟ್ಟಾಗಿ ಕೆಲಸ ಮಾಡುತ್ತವೆ.

ಎಣ್ಣೆಯ ಪಸೆಯೂ ಕೂಡದ ಹೈ ವ್ಯಾಕ್ಯೂಮ್ ಉಪಕರಣಗಳಲ್ಲಿ ಬೋಲ್ಟಿಗೆ ಬೆಳ್ಳಿಯ ಲೇಪ ಕೊಡುತ್ತಾರೆ. ಇನ್‌ಸ್ಟ್ರುಮೆಂಟ್ ಲೈನಿನ ಸ್ಟೇನ್‌ಲೆಸ್ ಟ್ಯೂಬ್ ಫಿಟ್ಟಿಂಗಿನ ನಟ್ಟಿನ ಒಳಗೆ ಇಣುಕಿ ನೋಡಿ, ಹಲವದರಲ್ಲಿ ಬೆಳ್ಳಿಯ ಬಿಳುಪು ಕಾಣುತ್ತದೆ. ಅದನ್ನು ತಂತಿ ಬ್ರಶ್ಶಿನಿಂದ ಉಜ್ಜಿ "ಸ್ವಚ್ಛ" ಮಾಡಬೇಡಿ.

ಇನ್ನೊಂದು ಮರೆತುಹೋಗುವ ಜೋಡಿ: ಅಲ್ಯೂಮಿನಿಯಂ ಬಾಡಿಯ ಸವೆದ ಥ್ರೆಡ್ಡಿಗೆ ಹಾಕುವ ತಂತಿ ಸುರುಳಿಯ ಇನ್ಸರ್ಟ್. ಬೋಲ್ಟು ಅಲ್ಯೂಮಿನಿಯಮ್ಮಿಗೆ ಹೋಗುತ್ತಿದೆ ಎಂದುಕೊಳ್ಳುತ್ತೇವೆ. ಆ ತಂತಿ ಸಾಮಾನ್ಯವಾಗಿ ಸ್ಟೇನ್‌ಲೆಸ್‌ನದು. ಅಲ್ಲೂ ಪೇಸ್ಟ್ ಬೇಕು.

9. ಬೋಲ್ಟಿನಿಂದ ಪೈಪ್ ಎಳೆಯಬೇಡಿ

ಎರಡು ಫ್ಲ್ಯಾಂಜ್ ಸರಿಯಾಗಿ ಎದುರುಬದುರು ಬಂದಿಲ್ಲ, ಬೋಲ್ಟು ಹಾಕಿ ಬಿಗಿದು ಹತ್ತಿರ ತರೋಣ ಎನ್ನುವಾಗ ಥ್ರೆಡ್ಡಿನ ಒಂದೇ ಪಕ್ಕಕ್ಕೆ ಅಷ್ಟೂ ಭಾರ ಬೀಳುತ್ತದೆ. ಪೈಪಿಗೆ ಸಪೋರ್ಟ್ ಕೊಟ್ಟು, ಚೈನ್ ಬ್ಲಾಕಿನಲ್ಲಿ ಎತ್ತಿ ಹಿಡಿದು, ಬೋಲ್ಟು ರಂಧ್ರದಲ್ಲಿ ಸಲೀಸಾಗಿ ಆಡುವಂತೆ ಮಾಡಿಕೊಂಡು ಬಿಗಿಯಿರಿ. ಎಲ್ಲ ನಟ್ಟನ್ನೂ ಮೊದಲು ಬೆರಳಲ್ಲಿ ಕೂರಿಸಿ, ಆಮೇಲೆ ಎದುರುಬದುರಾಗಿ ಹಂತ ಹಂತವಾಗಿ.

10. ಹಚ್ಚಿದ್ದು ಉಳಿದಿದೆಯೇ ಎಂದು ನೋಡುತ್ತಿರಿ

ಡೇರಿಯ ಪೈಪುಗಳ ಯೂನಿಯನ್ ನಟ್ಟುಗಳ ಗತಿಯೇ ಬೇರೆ. ಅವನ್ನು ದಿನಾ ಬಿಚ್ಚುತ್ತಾರೆ. ಎಸ್‌ಎಂಎಸ್, ಡಿಐಎನ್ 11851 ಯೂನಿಯನ್‌ಗಳ ಥ್ರೆಡ್ಡನ್ನು ದುಂಡಗೆ ಮಾಡಿರುವುದು ತೊಳೆಯಲು ಸುಲಭವಾಗಲೆಂದು, ಪೆಟ್ಟು ತಾಳಲೆಂದು. ಆದರೂ ಅವು ಕಚ್ಚುತ್ತವೆ. ಪೈಪುಗಳ ಒಳಗೆ ಕಾಸ್ಟಿಕ್, ನೈಟ್ರಿಕ್ ಆಮ್ಲ ಹರಿಸಿ ತೊಳೆಯುವ ಸಿಐಪಿಯ ಜೊತೆ ಹೊರಗೂ ಫೋಮು, ಬಿಸಿನೀರು ಹೊಡೆಯುತ್ತಾರೆ. ನಿನ್ನೆ ಹಚ್ಚಿದ ಗ್ರೀಸು ಇಂದು ಇರುವುದಿಲ್ಲ. ಒಣಗಿದ ನಟ್ಟಿಗೆ ಹುಕ್ ಸ್ಪ್ಯಾನರಿನ ಬದಲು ಸುತ್ತಿಗೆ ಬೀಳುತ್ತದೆ, ನಟ್ಟಿನ ವೃತ್ತ ಕೆಡುತ್ತದೆ, ಮರುದಿನ ಇನ್ನೂ ಗಟ್ಟಿ. ಜೋಡಿಸುವ ಮೇಜಿನ ಮೇಲೇ ಎಚ್1 ಗ್ರೀಸಿನ ಡಬ್ಬ, ಬ್ರಶ್ಶು ಇರಲಿ. ತೊಳೆದ ಮೇಲೆ ಹಚ್ಚುವುದು ಆಪರೇಟರಿನ ಚೆಕ್‌ಲಿಸ್ಟಿನಲ್ಲಿರಲಿ. ಸಾಧ್ಯವಿರುವಲ್ಲಿ ಯೂನಿಯನ್ ತೆಗೆದು ಟ್ರೈ-ಕ್ಲಾಂಪ್ ಹಾಕಿಸಿ. ದೊಡ್ಡ ಥ್ರೆಡ್ಡೇ ಇಲ್ಲವಾಗುತ್ತದೆ. ಉಳಿಯುವ ಒಂದು ಸಣ್ಣ ರೆಕ್ಕೆ ನಟ್ಟು ಹಲವು ಕ್ಲಾಂಪುಗಳಲ್ಲಿ ಹಿತ್ತಾಳೆಯದೇ ಆಗಿರುತ್ತದೆ.

ಲೇಪ ಸದ್ದಿಲ್ಲದೆ ಹೋಗುವುದರ ಬೆಲೆ ಎಷ್ಟೆಂದು ತಿಳಿಯಲು ಥ್ರೆಡ್ಡಿನಿಂದಾಚೆಗೆ ಒಂದು ಉದಾಹರಣೆ. ನಾಸಾದ ಗೆಲಿಲಿಯೊ ನೌಕೆ 1989ರ ಅಕ್ಟೋಬರಿನಲ್ಲಿ ಗುರುಗ್ರಹದತ್ತ ಹೊರಟಿತು. 1991ರ ಏಪ್ರಿಲ್‌ನಲ್ಲಿ ಅದರ ದೊಡ್ಡ ಆಂಟೆನಾ ಬಿಚ್ಚಿಕೊಳ್ಳಲು ಆಜ್ಞೆ ಹೋದಾಗ ಪೂರ್ತಿ ಬಿಚ್ಚಲಿಲ್ಲ. ಕೆಲವು ಕಡ್ಡಿಗಳನ್ನು ಹಿಡಿದಿದ್ದ ಪಿನ್ನುಗಳು ತಮ್ಮ ಗೂಡುಗಳಲ್ಲಿ ಕಚ್ಚಿಕೊಂಡಿದ್ದವು ಎಂಬುದು ತನಿಖೆಯ ತೀರ್ಮಾನ. 1986ರ ಚಾಲೆಂಜರ್ ದುರಂತದಿಂದ ಉಡಾವಣೆ ಮುಂದೆ ಹೋಗಿ, ಕ್ಯಾಲಿಫೋರ್ನಿಯಕ್ಕೂ ಫ್ಲಾರಿಡಕ್ಕೂ ಲಾರಿಯಲ್ಲಿ ಓಡಾಡುವಾಗ ಪಿನ್ನುಗಳ ಮೇಲಿನ ಒಣ ಲೇಪ ಉಜ್ಜಿ ಹೋಗಿತ್ತೆಂದು ತನಿಖೆಗಾರರು ಕಂಡುಕೊಂಡರು. ಗಾಳಿಯಿಲ್ಲದ ಆಕಾಶದಲ್ಲಿ ಒಡೆದ ಆಕ್ಸೈಡ್ ಪೊರೆ ಮತ್ತೆ ಕಟ್ಟಲಿಲ್ಲ. ಕೊನೆಗೆ ಸಣ್ಣ ಆಂಟೆನಾದಿಂದಲೇ ಗುರುಗ್ರಹದ ಮಾಹಿತಿಯನ್ನು ನಿಧಾನವಾಗಿ ತರಿಸಿಕೊಂಡರು. ಲೇಪ ಹಚ್ಚಿದ್ದು ಕಾಗದದಲ್ಲಿತ್ತು, ಪಿನ್ನಿನ ಮೇಲೆ ಇರಲಿಲ್ಲ.

11. ಹೊಸಬರಿಗೆ ಒಮ್ಮೆ ಕಚ್ಚಿಸಿ ತೋರಿಸಿ

ಇಷ್ಟೆಲ್ಲ ಹೇಳಿದರೂ ಕೈಗೆ ತಿಳಿಯದೆ ನಂಬಿಕೆ ಬರುವುದಿಲ್ಲ. ಹೊಸ ಹುಡುಗರು ಬಂದಾಗ ವೈಸಿನಲ್ಲಿ ಒಂದು 304 ಬೋಲ್ಟು ಹಿಡಿಸಿ, ದಪ್ಪ ಪೈಪಿನ ತುಂಡೊಂದನ್ನು ತೋಳಿನಂತೆ ತೊಡಿಸಿ, ಒಣ ನಟ್ಟನ್ನು ಅದರ ಮೇಲೆ ವೇಗವಾಗಿ ಬಿಗಿಯಲು ಹೇಳಿ. ಕೈಗವಸು, ಕನ್ನಡಕ ಇರಲಿ. ಭಾರ ತಿಳಿದಾಗ ಅಲ್ಲಿ ಒಂದು ಕ್ಷಣ ನಿಲ್ಲಿಸಿ, ಅದನ್ನು ಕೈ ಗುರುತಿಟ್ಟುಕೊಳ್ಳಲಿ; ಆಮೇಲೆ ಕಚ್ಚುವವರೆಗೂ ತಿರುಗಿಸಲಿ. ಪಕ್ಕದಲ್ಲೇ ಪೇಸ್ಟ್ ಹಚ್ಚಿದ ಇನ್ನೊಂದು ಜೋಡಿಯನ್ನು ಅದಕ್ಕಿಂತ ಕಡಿಮೆ ಟಾರ್ಕಿನಲ್ಲಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದು ನೋಡಲಿ.

ಕಚ್ಚಿದ ಜೋಡಿಯನ್ನು ಎಸೆಯಬೇಡಿ. ಹ್ಯಾಕ್‌ಸಾದಿಂದ ಉದ್ದಕ್ಕೆ ಎರಡಾಗಿ ಕೊಯ್ದು, ಕೊಯ್ದ ಮುಖಕ್ಕೆ ಎಮೆರಿ ಕಾಗದ ಉಜ್ಜಿ, ಭೂತಗನ್ನಡಿಯಲ್ಲಿ ತೋರಿಸಿ. ಎಲ್ಲಿ ಬೋಲ್ಟು ಮುಗಿದು ಎಲ್ಲಿ ನಟ್ಟು ಶುರುವಾಯಿತು ಎಂಬ ಗೆರೆ ಕೆಲವು ಥ್ರೆಡ್ಡುಗಳಲ್ಲಿ ಕಾಣಿಸುವುದೇ ಇಲ್ಲ. ಆ ಎರಡು ಹೋಳುಗಳನ್ನು ಪೇಸ್ಟಿನ ಡಬ್ಬ ಇಡುವ ಕಪಾಟಿನ ಬಾಗಿಲಿಗೆ ತಂತಿಯಲ್ಲಿ ಕಟ್ಟಿ, ಟಾರ್ಕ್ ಚಾರ್ಟನ್ನು ಅದರ ಪಕ್ಕದಲ್ಲೇ ಅಂಟಿಸಿ.